ಹಲಗೆ ಕಾರ್ಖಾನೆಯ ಹದಗಾರ

ಚೂರುಯಂತ್ರ ಕಟಕಟ ಹಲ್ಲು ಕಡಿಯಲು ಶುರು ಮಾಡಿತೆಂದರೆ ಹದಗಾರನಿಗೆ ಬೆಳಗಾಯಿತು. ಹಳೆಯ ಪಾಲಿಯೆಸ್ಟರ್ ಅಂಗಿ, ನೈಲಾನ್ ಪರದೆಗಳನ್ನು ಎಳೆ ಎಳೆಯಾಗಿ ಹರಿದು, ಕರಗಿದ ಪ್ಲಾಸ್ಟಿಕ್ಕಿನಲ್ಲಿ ಕಲಸಿ, ಬೆಂಚಿಗೂ ಬಾಗಿಲಿಗೂ ಆಗುವ ಹಲಗೆ ಮಾಡುವ ಕಾರ್ಖಾನೆ ಅದು. ಕಲಸುವ ಮುಂಚೆ ನೂಲು ಒಣಗಿ ಹದಕ್ಕೆ ಬಂದಿದೆಯೇ ಎಂದು ನೋಡುವುದು ಅವನ ಕೆಲಸ. ಅಲ್ಲಿ ತೇವ ಅಳೆಯುವ ಮೀಟರ್ ಇದ್ದರೂ ಅವನು ಅದರ ಮುಖ ನೋಡಿದವನಲ್ಲ. ಹಿಡಿ ನೂಲನ್ನು ಕೆನ್ನೆಗೆ ಒತ್ತಿಕೊಂಡು, "ಇನ್ನೂ ಹಸಿ ಇದೆ, ಒಳಗೆ ಗುಳ್ಳೆ ಏಳ್ತದೆ" ಎಂದರೆ ಮ್ಯಾನೇಜರೂ ಬಾಯಿ ಮುಚ್ಚಿಕೊಳ್ಳಬೇಕು. ಅವನೆದುರು ಒಳ್ಳೆಯ ಬಟ್ಟೆ ತೊಟ್ಟು ನಿಲ್ಲಲು ಜನ ಹೆದರುತ್ತಾರೆ. ಮಗಳ ಮದುವೆಯಲ್ಲಿ ಬೀಗರ ಕೋಟಿನ ತೋಳನ್ನೇ ಉಜ್ಜಿ ನೋಡಿ, "ಒಳ್ಳೆ ಮಾಲು, ಬೇಜಾರಾದಾಗ ಹೇಳಿ ಸ್ವಾಮಿ" ಎಂದವನು. ಬಟ್ಟೆ ಸುಮ್ಮನೆ ಕೂತಿರುವುದನ್ನು ಕಂಡರೆ ಅವನಿಗೆ ಆಗದು. ಹೆಂಡತಿ ತೀರಿಕೊಂಡ ವಾರದಲ್ಲೇ, ಅವಳ ಕಪಾಟಿನತ್ತ ನೋಡಲಾಗದೆ, ಇದ್ದಬದ್ದದ್ದನ್ನೆಲ್ಲ ಗಂಟು ಕಟ್ಟಿ ತಂದು, ಗುಂಡಿಗಳನ್ನು ಬಿಡಿಸಿ, ಕೈಯಾರೆ ಯಂತ್ರಕ್ಕೆ ಕೊಟ್ಟ. ಆ ದಿನವೂ ಹದ ಒಂದಿಷ್ಟೂ ತಪ್ಪಲಿಲ್ಲ. ಇವತ್ತು ಬಹಳ ದಿನದ ಮೇಲೆ ಊರಿಗೆ ಬಂದ ಮಗಳು ಕಾರ್ಖಾನೆಗೇ ಬಂದು ನಿಂತಳು. "ಅಪ್ಪಾ, ಅಮ್ಮನ ಹಸಿರು ಸ್ವೆಟರ್ ಎಲ್ಲಿ? ನಂಗೆ ಅದೊಂದೇ ಸಾಕು." "ಎಲ್ಲದರ ಜೊತೆ ಅದೂ ಹಲಗೆ ಆಯ್ತಮ್ಮ." "ಹೋಗ್ಲಿ, ಆ ಹಲಗೆನಾದ್ರೂ ತೋರಿಸು." "ಎಲ್ಲಕ್ಕೂ ಕರಿ ಬಣ್ಣ ಹಾಕ್ತೀವಿ. ಎಲ್ಲೆಲ್ಲಿಗೋ ಹೋದ್ವು. ಯಾರ್ಯಾರು ಕೂತಿದಾರೋ ಅದರ ಮೇಲೆ." "ಒಂದನ್ನಾದ್ರೂ ಇಟ್ಕೋಬೇಕು ಅಂತ ನಿಂಗೆ ಅನ್ನಿಸ್ಲೇ ಇಲ್ವಾ ಅಪ್ಪಾ?" ಎಂದು ಅವಳು ಕೇಳುತ್ತಿರುವಾಗಲೇ ಅವನು "ಬಂದೆ, ಬಂದೆ" ಎನ್ನುತ್ತ, ಯಾರೂ ಕರೆಯದ ಕಡೆಗೆ ನಡೆದುಬಿಟ್ಟ.