ಎಡ್ವಿನ್ ಮೇಷ್ಟ್ರ ಶವಯಾತ್ರೆಯಲ್ಲಿ ಸಿರಿಯಾವತಿ

ಲಂಕೆಯ ದಕ್ಷಿಣ ಕಡಲತೀರದ ಮಾತರದ ಮೀನು ಮಾರುಕಟ್ಟೆಗೆ ಸಿರಿಯಾವತಿ ಕೊಡಿತುವಕ್ಕು ಕಾಲಿಟ್ಟರೆ ಸಾಕು, ಬೈಗುಳ ಶುರುವಾಗುತ್ತಿತ್ತು. ಸಿನಿಮಾದಲ್ಲಿ ಅವಳಿಗೆ ಸಿಗುತ್ತಿದ್ದುದೆಲ್ಲ ಮನೆ ಮುರಿಯುವ ಪಾತ್ರಗಳೇ. ಸೊಸೆಗೆ ವಿಷ ಹಾಕುವ ಅತ್ತೆ, ತಂಗಿಯ ಗಂಡನನ್ನು ಬುಟ್ಟಿಗೆ ಹಾಕಿಕೊಳ್ಳುವ ಅಕ್ಕ. ನಮ್ಮ ಜನವೋ, ಪರದೆಯ ಮೇಲೆ ಕಂಡದ್ದನ್ನು ಕಣ್ಣಾರೆ ಕಂಡೆ ಎನ್ನುವವರು.

"ಬಂದ್ಳು ನೋಡ್ರೇ ಮನೆಹಾಳಿ! ಆ ಪಾಪದ ಹುಡುಗೀನ ಯಾಕೆ ಬಾವಿಗೆ ತಳ್ಳಿದ್ಯೇ?" ಎಂದು ಮೀನು ಮಾರುವ ಎಮಲಿನ್ ಕತ್ತಿ ಎತ್ತಿ ಕೇಳುತ್ತಿದ್ದಳು.

"ಹೋದ ಸಲ ನೀನು ಕೊಟ್ಟ ಮೀನು ನಾರ್ತಿತ್ತಲ್ಲ, ಆ ಸಿಟ್ಟಿಗೆ ತಳ್ದೆ ಕಣೇ!"

ಸಿರಿಯಾವತಿ ವೆಲಿಗಮದ ಬೇಕರಿಯವನ ಮಗಳು. ಹದಿನೇಳಕ್ಕೆ ಮನೆ ಬಿಟ್ಟು ಎಡ್ವಿನ್ ರಣವೀರ ಮೇಷ್ಟ್ರ ನಾಟಕ ತಂಡ ಸೇರಿದಳು. ಅಪ್ಪ ಸಾಯುವ ತನಕ ಅವಳ ಜೊತೆ ಮಾತಾಡಲಿಲ್ಲ. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎನ್ನುವುದರಿಂದ ಹಿಡಿದು ಸೀರೆಯ ನೆರಿಗೆಯವರೆಗೆ ಕಲಿಸಿದವರು ಮೇಷ್ಟ್ರು. ಅವರ ರಂಗದ ಮೇಲೆ ಅವಳು ರಾಣಿಯಾದಳು, ಮಗನನ್ನು ಕಳೆದುಕೊಂಡ ತಾಯಿಯಾದಳು. ಸಿನಿಮಾ ಅನ್ನ ಹಾಕಿತು, ಮಾನ ಕೊಟ್ಟದ್ದು ನಾಟಕ. ಪ್ರತಿ ಪ್ರಯೋಗಕ್ಕೂ ಮೊದಲು ಅವಳು ವೀಳ್ಯದೆಲೆ ಕೊಟ್ಟು, ಮಂಡಿಯೂರಿ, ಅವರ ಕಾಲಿಗೆ ಬೀಳುತ್ತಿದ್ದಳು.

ಆಮೇಲೆ ಎಂಬತ್ತೊಂಬತ್ತನೇ ಇಸವಿ ಬಂತು. ಅಂಥ ವರ್ಷ ಶತ್ರುವಿಗೂ ಬೇಡ. ಹಗಲು ಮಿಲಿಟರಿಯವರ ಮಾತು, ಕತ್ತಲಾದರೆ ಸರ್ಕಾರದ ವಿರುದ್ಧ ಬಂದೂಕು ಹಿಡಿದ ಕಾಡಿನ ಹುಡುಗರ ಮಾತು. ಯಾರು ಯಾರ ಕಡೆ ಎಂದು ಹೆತ್ತ ತಾಯಿಗೂ ತಿಳಿಯದು. ನೀಲವಳಾ ಹೊಳೆಯಲ್ಲಿ ಹೆಣ ತೇಲಿ ಬಂದರೆ ಜನ ಮುಖ ತಿರುಗಿಸಿ ಸೇತುವೆ ದಾಟುತ್ತಿದ್ದರು.

ಸರ್ಕಾರದ ಉತ್ಸವದಲ್ಲಿ ಯಾರೂ ಕುಣಿಯಬಾರದು, ಹಾಡಬಾರದು ಎಂದು ಹುಡುಗರ ಆಜ್ಞೆ ಗೋಡೆಗೋಡೆಗೂ ಬಿತ್ತು. ಮೇಷ್ಟ್ರು ಹಟಮಾರಿ. "ನಾಟಕ ನನ್ನದು, ಸರ್ಕಾರದ್ದಲ್ಲ" ಎಂದು ಆಡಿಸಿಯೇ ಬಿಟ್ಟರು. ಸಿರಿಯಾವತಿ ತಾಯಿಯ ಪಾತ್ರ ಮಾಡಿದಳು. ಅವಳ ಮಗನ ಪಾತ್ರ ಮಾಡಬೇಕಿದ್ದ ಜಗತ್ ಮಾತ್ರ ಜ್ವರ ಎಂದು ಬರಲಿಲ್ಲ. ವಾರ ಕಳೆಯುವುದರೊಳಗೆ ಮೇಷ್ಟ್ರನ್ನು ಅವರ ಮನೆಯ ಜಗಲಿಯಲ್ಲೇ ಗುಂಡಿಟ್ಟು ಕೊಂದರು.

ಕೊಂದದ್ದು ಸಾಲದೆಂದು ಮತ್ತೊಂದು ಆಜ್ಞೆ. ಸಾವಿನ ಮನೆಯ ಬಿಳಿ ಬಾವುಟ ಕಟ್ಟಬಾರದು. ಡೋಲು ಬಡಿಯಬಾರದು. ಶವಪೆಟ್ಟಿಗೆ ಮೊಣಕಾಲಿಗಿಂತ ಮೇಲೆ ಏಳಬಾರದು. ಮೀರಿದವರಿಗೆ ಅದೇ ಗತಿ.

ಮಣ್ಣಿನ ದಿನ ಬೆಳಿಗ್ಗೆ ಜಗತ್ ಅವಳ ಮನೆಯ ಹಿತ್ತಲ ಬಾಗಿಲಿಗೆ ಬಂದ. 

"ಅಮ್ಮಾ, ಇವತ್ತು ಹೋಗ್ಬೇಡಿ. ಅವರ ಪಟ್ಟೀಲಿ ನಿಮ್ಮ ಹೆಸರೂ ಇದೆ."

"ನಿಂಗೆ ಯಾರೋ ಹೇಳಿದ್ದು?"

ಅವನು ನೆಲ ನೋಡಿದ. ನಾಟಕದ ದಿನ ಅವನಿಗೆ ಬಂದಿದ್ದ ಜ್ವರ ಎಂಥದೆಂದು ಸಿರಿಯಾವತಿಗೆ ಹೊಳೆಯಿತು. ಮೂರು ವರ್ಷ ರಂಗದ ಮೇಲೆ ಇವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಿದ್ದಾಳೆ. ಇನ್ನೊಂದು ಮಾತು ಕೇಳುವ ಧೈರ್ಯ ಅವಳಿಗಾಗಲಿಲ್ಲ.

"ಹೋಗು," ಎಂದಳು. "ಊಟ ಮಾಡಿಲ್ಲ ಅಂತ ಕಾಣುತ್ತೆ. ಏನಾದ್ರೂ ತಿನ್ಕೊಂಡು ಹೋಗು."

ಅವನು ತಿನ್ನದೆ ಹೋದ. ಅವಳು ಬಿಳಿ ಸೀರೆ ಉಟ್ಟು ಹೊರಟಳು. ಸಾವಿನ ಹೆದರಿಕೆ ಇತ್ತು. ಆದರೆ ಮೇಷ್ಟ್ರನ್ನು ಸತ್ತ ನಾಯಿಯಂತೆ ಎಳೆದೊಯ್ಯುವಾಗ ಮನೆಯಲ್ಲಿ ಕೂತರೆ ಮುಂದೆ ಯಾವ ಮುಖ ಹೊತ್ತು ರಂಗಕ್ಕೆ ಹತ್ತುವುದು?

ಪೆಟ್ಟಿಗೆಯ ಕೆಳಗೆ ಬಟ್ಟೆ ತೂರಿಸಿ, ಆರು ಮಂದಿ ಬೆನ್ನು ಬಗ್ಗಿಸಿ, ನೆಲಕ್ಕೆ ತಾಗುವ ಹಾಗೆ ಹೊತ್ತು ತಂದರು. ಮಾರುಕಟ್ಟೆ ಬೀದಿಯ ಇಕ್ಕೆಲದಲ್ಲೂ ಜನ ನಿಂತಿದ್ದರು. ಅವರ ಕಾಲಿನ ಮಟ್ಟದಲ್ಲಿ, ಚಪ್ಪಲಿಗಳ ಸಾಲಿನ ನಡುವೆ, ಮೇಷ್ಟ್ರು ಬರುತ್ತಿದ್ದರು. ಅದನ್ನು ನೋಡಿ ಸಿರಿಯಾವತಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಥೂ, ಇದೆಂಥ ಬಾಳು!

ಅವಳು ಬೀದಿಯಂಚಿಗೆ ಬಂದು ಮಂಡಿಯೂರಿದಳು. ಕೈ ಜೋಡಿಸಿ, ಹಣೆ ಟಾರಿಗೆ ತಾಗಿಸಿದಳು.

"ಏಯ್, ಏಳೇ! ಸಾಯ್ಬೇಕೂಂತಿದ್ದೀಯಾ?" ಎಮಲಿನ್ ಪಿಸುಗುಟ್ಟಿದಳು.

"ಪೆಟ್ಟಿಗೆ ಎತ್ತಬಾರ್ದು ಅಂದಿದ್ದಾರೆ. ನಾವು ಇಳೀಬಾರ್ದು ಅಂತ ಹೇಳಿಲ್ವಲ್ಲ."

 "ಅಯ್ಯೋ, ನನ್ನ ಮಂಡಿ!" ಎನ್ನುತ್ತ ಎಮಲಿನ್ ತನ್ನ ಭಾರೀ ಮೈಯನ್ನು ಕೆಳಗಿಳಿಸಿದಳು. ಅವಳ ಪಕ್ಕದವಳು ಇಳಿದಳು. ಚಹಾದಂಗಡಿಯವನು, ಶಾಲೆಯ ಮೇಡಂ, ರಿಕ್ಷಾದವರು ಎಲ್ಲರೂ ಇಳಿದರು. ನೋಡನೋಡುತ್ತ ಬೀದಿಗೆ ಬೀದಿಯೇ ನೆಲಕ್ಕೆ ಬಾಗಿತು. ಈಗ ಎಲ್ಲರ ತಲೆಗಿಂತ ಮೇಲೆ ಮೇಷ್ಟ್ರ ಪೆಟ್ಟಿಗೆ.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆದುಹೋಯಿತು. ಬಾಗದೆ ಉಳಿದವರು ಬೀದಿಗೆಲ್ಲ ಕಂಡುಬಿಟ್ಟರು.

ಇಬ್ಬರು. ಕಾಯಿಯಂಗಡಿಯ ಮುಂದೆ ಒಬ್ಬ ಅಪರಿಚಿತ, ಒಂದು ಕೈ ಹೆಗಲ ಚೀಲದೊಳಗೆ. ಅವನ ಪಕ್ಕದಲ್ಲಿ ಟೋಪಿ ಹಾಕಿದ ಜಗತ್.

 ಬಾಗಿದ ತಲೆಗಳು ಒಂದೊಂದಾಗಿ ಅತ್ತ ತಿರುಗತೊಡಗಿದವು. ಸಿರಿಯಾವತಿಗೆ ಎಲ್ಲ ಅರ್ಥವಾಯಿತು. ಜಗತ್ ಹೀಗೆ ನಿಂತೇ ಇದ್ದರೆ ಸಂಜೆಯೊಳಗೆ ಯಾರೋ ಮಿಲಿಟರಿ ಕ್ಯಾಂಪಿಗೆ ಸುದ್ದಿ ಮುಟ್ಟಿಸುತ್ತಾರೆ, ನಾಳೆ ಹೊಳೆಯಲ್ಲಿ ತೇಲುತ್ತಾನೆ. ಮಂಡಿಯೂರಿದರೆ ಪಕ್ಕದವನೇ ಬಿಡುವುದಿಲ್ಲ. ಮೇಷ್ಟ್ರ ಮನೆಯ ಜಗಲಿ ನೆನಪಾಯಿತು. ಸಾಯಲಿ ಬಿಡು ಎಂದೂ ಅನ್ನಿಸಿತು, ಸುಳ್ಳೇಕೆ?

ಆದರೆ ಬಾಯಿಂದ ಬಂದ ಮಾತು ಬೇರೆ. ಹಿಂದಿನ ಸಾಲಿಗೂ ಕೇಳಿಸುವ ರಂಗದ ದನಿಯಲ್ಲಿ ಅವಳು ಕೂಗಿದಳು. "ಮಗನೇ, ಬಾ ಇಲ್ಲಿ! ಅಮ್ಮನ ಪಕ್ಕ ಕೂತ್ಕೋ. ನಿನ್ನ ಗುರುಗಳು ಹೋಗ್ತಿದ್ದಾರೆ."

ಚೀಲದವನು ಜಗತ್‌ನ ತೋಳು ಹಿಡಿದ. ಜಗತ್ ಕೊಡವಿಕೊಂಡ. ಎಡವುತ್ತ ಬೀದಿ ದಾಟಿ ಬಂದು ಅವಳ ಪಕ್ಕದಲ್ಲಿ ಧೊಪ್ಪನೆ ಕುಸಿದ. ಅಷ್ಟು ಕಣ್ಣುಗಳ ಮುಂದೆ ಆ ಇನ್ನೊಬ್ಬನಿಗೆ ಚೀಲದಿಂದ ಕೈ ತೆಗೆಯುವುದಾಗಲಿಲ್ಲ. ಹಿಂದೆ ಹಿಂದೆ ಸರಿದು ಓಣಿಯಲ್ಲಿ ಮರೆಯಾದ. ಪೆಟ್ಟಿಗೆ ಅವರ ಮುಂದೆ ಹಾದುಹೋಯಿತು. ಅವಳು ಜಗತ್‌ನ ಕುತ್ತಿಗೆಯನ್ನು ಒತ್ತಿ ಹಿಡಿದೇ ಇದ್ದಳು.

ಅದೇ ಸಂಜೆ ಜಗತ್ ಊರು ಬಿಟ್ಟ. ಮಾರನೆಯ ದಿನ ಅವಳ ಮನೆಗೆ ಮಿಲಿಟರಿ ಜೀಪು ಬಂತು. ಅಧಿಕಾರಿ ಕೂರಲಿಲ್ಲ.

"ನಿನ್ನೆ ಬೀದೀಲಿ ನಿಂತಿದ್ದೋನು ಯಾರು? ನಿಮ್ಮ ತಂಡದ ಹುಡುಗ ಅಂತೆ. ಹೆಸರು ಹೇಳಿ."

"ಯಾರೂ ನಿಂತಿರ್ಲಿಲ್ಲ ಮಹತ್ತಯಾ. ಎಲ್ಲರೂ ಮಂಡಿಯೂರಿದ್ವಿ."

"ನೀವು ನಟಿ. ನಿಮ್ಮ ಮಾತು ಹೇಗೆ ನಂಬೋದು?"

"ಮಾರ್ಕೆಟ್‌ನಲ್ಲಿ ಕೇಳಿ. ಮೀನಿನ ಎಮಲಿನ್ನೇ ಹೇಳ್ತಾಳೆ. ಅವಳಿಗೆ ನನ್ನ ಕಂಡ್ರೆ ಆಗಲ್ಲ."

ಅವರು ಕೇಳಿದರು. ಎಮಲಿನ್ ಅದನ್ನೇ ಹೇಳಿದಳು. ಬೀದಿಯವರೆಲ್ಲ ಅದನ್ನೇ ಹೇಳಿದರು.

ಆ ವರ್ಷ ಮುಗಿಯುವುದರೊಳಗೆ ಮಿಲಿಟರಿ ಕಾಡಿನ ಹುಡುಗರನ್ನು ಅಡಗಿಸಿತು. ಸಿರಿಯಾವತಿ ಮತ್ತೆ ಇಪ್ಪತ್ತು ವರ್ಷ ನಟಿಸಿದಳು. ಜಗತ್ ಎಲ್ಲೋ ದೂರದ ದೇಶದಿಂದ ವರ್ಷಕ್ಕೊಮ್ಮೆ ಫೋನ್ ಮಾಡಿ "ಅಮ್ಮಾ, ಊಟ ಆಯ್ತಾ?" ಎನ್ನುತ್ತಿದ್ದ. ಅವಳು ಆಯಿತು ಎನ್ನುತ್ತಿದ್ದಳು. ಮೇಷ್ಟ್ರ ಮನೆ ತೋರಿಸಿಕೊಟ್ಟವನು ನೀನೇನಾ ಎಂದು ಅವಳು ಒಮ್ಮೆಯೂ ಕೇಳಲಿಲ್ಲ, ಅವನೂ ಹೇಳಲಿಲ್ಲ.