ಹರಿಣಾಕ್ಷಿ ಅಕ್ಕ ಜಾರಿ ಬಿದ್ದದ್ದಲ್ಲ

ಹೆಲ್ಮೆಟಿನ ಮೊದಲ ಏಟು ಹರಿಣಾಕ್ಷಿ ಅಕ್ಕನ ಕಿವಿಯ ಮೇಲೆ ಬಿತ್ತು. ಎರಡನೆಯದನ್ನು ತಡೆಯಲು ಅವಳು ಬಲಗೈ ಎತ್ತಿದಳು. ಒಣ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ ಮೂಳೆ ಮುರಿದ ಸದ್ದು ಬೇಲಿಯ ಈಚೆ ಇದ್ದ ನನಗೂ ಕೇಳಿಸಿತು. ನನ್ನ ಸೊಂಟದಲ್ಲಿ ಮಗ ಭವಿತ್ ಇದ್ದ. ಅವನ ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಂಡು ಅವರ ಅಂಗಳಕ್ಕೆ ಓಡಿದೆ. ಅಷ್ಟರಲ್ಲಿ ಅವಳ ಗಂಡ ತೀರ್ಥರಾಮ ಅವಳ ಕೂದಲು ಹಿಡಿದು ಗೋಡೆಗೆ ತಲೆ ಗುದ್ದುತ್ತಿದ್ದ.

"ಬರೀತಿಯಾ ಇನ್ನೊಮ್ಮೆ? ನಾನು ಕುಡುಕ ಅಂತ ಬರೀತಿಯಾ?"

"ಬಿಡಿ ಭಾವ, ಸಾಯ್ತಾಳೆ," ಎಂದೆ. ಭವಿತ್ ಕಿರುಚಿದ. ಮಗುವಿನ ಕೂಗಿಗೋ ಏನೋ ಅವನ ಹಿಡಿತ ಸಡಿಲವಾಯಿತು. ಅಕ್ಕ ಗೋಡೆಗೆ ರಕ್ತ ಬಳಿಯುತ್ತಾ ಕುಸಿದು ಕೂತಳು. ಅವನು ಹೆಲ್ಮೆಟನ್ನು ಎಸೆದು ಒಳಗೆ ಹೋದ.

ನಮ್ಮ ಊರು ಮಂಡೆಕೋಲಿನಲ್ಲಿ ಅವಳನ್ನು ಅರಿಯದ ಮನೆಯಿಲ್ಲ. ಊರಿಗೆಲ್ಲ ವಿಮೆ ಮಾಡಿಸುವ ಇನ್ಸೂರೆನ್ಸ್ ಅಕ್ಕ ಅಂದರೆ ಅವಳೇ. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ಹೋಗುವ ಹೆಂಗಸರ ಜೊತೆ ತಾನೂ ಹೋಗುವಳು. ಬರುವಾಗ, "ಹರಟೆ ಮನೆಗೆ ಹೋಗಿ ಹೊಡೆಯುವ, ಈಗ ಕೈ ಬೀಸಿ ಬೇಗ ನಡೆಯಿರಿ. ಬೆವರು ಬಾರದ ನಡಿಗೆ ಮೆರವಣಿಗೆಗೆ ಆಯ್ತು," ಎಂದು ಎಲ್ಲರನ್ನೂ ಓಡಿಸುವಳು. ಚಾಕ್ಕೆ ಎರಡನೇ ಚಮಚ ಸಕ್ಕರೆ ಹಾಕುವವರ ಕೈ ಹಿಡಿಯುವಳು. ನಾನು ಬಾಣಂತಿಯಾಗಿದ್ದಾಗ ಮಗುವನ್ನು ತೊಡೆಯಲ್ಲಿಟ್ಟುಕೊಂಡು ನನಗೆ ತಿಳಿಸಿ ಹೇಳಿದ್ದೂ ಅವಳೇ: "ಜೀವವಿಮೆ ನೀನು ಹೋದ ಮೇಲೆ ಇವನಿಗೆ. ಆರೋಗ್ಯವಿಮೆ ನೀನು ಇರುವಾಗಲೇ, ಆಸ್ಪತ್ರೆಯ ಬಿಲ್ಲಿಗೆ. ಒಂದು ಮಾಡಿ ಇನ್ನೊಂದು ಆಯ್ತು ಅಂತ ಕೂತುಕೊಳ್ಬೇಡ."

ಇದ್ದದ್ದನ್ನು ಮುಚ್ಚಿಡಲು ಮಾತ್ರ ಅವಳು ಬಿಡುತ್ತಿರಲಿಲ್ಲ. ಪಾಲಿಸಿಯ ಅರ್ಜಿ ತುಂಬುವಾಗ ಆಚೆಮನೆ ದೇರಣ್ಣನ ಹತ್ತಿರ ಹೊಗೆಸೊಪ್ಪಿನ ಅಭ್ಯಾಸ ಉಂಟಾ ಎಂದು ಕೇಳಿದರೆ ಅವರು ಬಾಯಿ ತುಂಬ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಜಗಿಯುತ್ತಲೇ "ಇಲ್ಲ" ಎಂದಿದ್ದರು.

"ಬಾಯಲ್ಲಿ ಇರುದು ಎಂತ ಮತ್ತೆ?"

"ಇದು ಎಲೆಯಡಿಕೆ ಮಾರಾಯ್ತಿ. ಇದನ್ನು ಸಹ ಚಟ ಅಂತ ಬರೀತಾರಾ? ಇದಿಲ್ಲದೆ ಊಟ ಮುಗಿಯುದು ಹೇಗೆ?"

"ಊಟ ಮುಗಿಯಲಿ ದೇರಣ್ಣ, ನೀವು ಮುಗಿಯುದು ಬೇಡ. ಹೊಗೆಸೊಪ್ಪು ಉಂಟು ಅಂತಲೇ ಬರೆಯುದು ನಾನು. ನಾಳೆ ಬಾಯಲ್ಲಿ ಹುಣ್ಣಾದ್ರೆ ನೀವು ಹೇಳಿದ ಸುಳ್ಳು ಹಿಡಿದೇ ಅವರು ದುಡ್ಡು ಇಲ್ಲ ಅನ್ನುದು."

ಗಂಡನಿಗೆ ಪಾಲಿಸಿ ಮಾಡಿಸುವಾಗಲೂ ಹಾಗೆಯೇ ಬರೆದಳು. ಹೊಗೆಸೊಪ್ಪು ಉಂಟು, ದಿನವೂ ಕುಡಿಯುತ್ತಾರೆ. ವಿವರ ಸರಿಯೇ ಎಂದು ಕೇಳಲು ಕಂಪೆನಿಯವರು ಫೋನ್ ಮಾಡಿದಾಗ ತೀರ್ಥರಾಮ ಕ್ಷೌರದ ಅಂಗಡಿಯಲ್ಲಿದ್ದ. ಮುಖಕ್ಕೆಲ್ಲ ನೊರೆ ಇದ್ದದ್ದರಿಂದ ಸ್ಪೀಕರ್ ಹಾಕಿಕೊಂಡಿದ್ದ. "ಸರ್, ದಿನಕ್ಕೆ ಎಷ್ಟು ಕುಡಿಯುತ್ತೀರಿ?" ಎಂದು ಆ ಹುಡುಗಿ ನಯವಾಗಿ ಕೇಳಿದಳಂತೆ. ಕಾಯುತ್ತ ಕೂತಿದ್ದವರಲ್ಲಿ ಒಬ್ಬ, "ಗ್ಲಾಸಿನ ಲೆಕ್ಕವಾ ಮೇಡಂ, ಕೊಡದ ಲೆಕ್ಕವಾ?" ಎಂದ. ಅಂಗಡಿಯೆಲ್ಲ ನಕ್ಕಿತು. ಅರ್ಧ ಗಡ್ಡ ಹಾಗೇ ಬಿಟ್ಟು ಅವನು ಮನೆಗೆ ಬಂದ.

ಹೊಡೆತ ಅಂದು ಶುರುವಾದದ್ದಲ್ಲ. ಹೋದ ಮಳೆಗಾಲ ಅವಳ ಭುಜದ ಮೂಳೆ ಮುರಿದಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿದೆ ಎಂದಿದ್ದಳು. ತುಟಿ ಒಡೆದಾಗ ದನದ ಕೊಂಬು ತಾಗಿದ್ದು ಎಂದಿದ್ದಳು. ನಾನು ನಂಬಿದ ಹಾಗೆ ಮಾಡಿದ್ದೆ.

ಈ ಸಲ ಭವಿತ್‌ನನ್ನು ದೇರಣ್ಣನ ಮನೆಯಲ್ಲಿ ಬಿಟ್ಟು, ಆಟೋ ಮಾಡಿ ಅವಳನ್ನು ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೈ ಒರೆಸುವ ನನ್ನ ಬೈರಾಸಿನಲ್ಲಿ ಸುತ್ತಿದ ಕೈ ಪ್ರತಿ ಹೊಂಡಕ್ಕೂ ಅಲುಗುತ್ತಿತ್ತು. ಅವಳು ಹಲ್ಲು ಕಚ್ಚಿ ಕೂತಿದ್ದಳು. ತೀರ್ಥರಾಮ ಫೋನ್ ಮಾಡಿದ್ದನೋ ಏನೋ, ಅವನ ಅಕ್ಕ ಕುಮುದಿನಿ ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು.

"ಜಾರಿ ಬಿದ್ದದ್ದು ಅಂತ ಹೇಳು," ಎಂದರು ತಗ್ಗಿದ ದನಿಯಲ್ಲಿ. "ಹೊಡೆದದ್ದು ಅಂದ್ರೆ ಪೊಲೀಸ್ ಕೇಸು. ಮತ್ತೆ ನಿನ್ನ ಇನ್ಸೂರೆನ್ಸಿನವರು ಒಂದು ಪೈಸೆ ಕೊಡುದಿಲ್ಲ. ಆಪರೇಶನಿಗೆ ದುಡ್ಡು ನಿನ್ನ ಅಪ್ಪ ತರುದಾ? ಮೋಕ್ಷಿತಾಳಿಗೆ ನಾಳೆ ಸಂಬಂಧ ಬರುದು ಬೇಡ್ವಾ?"

ಮೋಕ್ಷಿತಾ ಅಕ್ಕನ ಮಗಳು, ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಆ ಹೆಸರು ಕೇಳಿ ಅಕ್ಕ ಕಣ್ಣು ಮುಚ್ಚಿದಳು. ಜಾರಿ ಬಿದ್ದೆ ಎಂದರೆ ಇದೇ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಅದೇ ಅಂಗಳಕ್ಕೆ ಹೋಗಬೇಕು. ನಿಜ ಹೇಳಿದರೆ ಹೋಗಲು ಮನೆಯೇ ಇಲ್ಲ.

ಡಾಕ್ಟರಮ್ಮ ಕಿವಿಯ ರಕ್ತ ಒರೆಸುತ್ತಾ ಕೇಳಿದರು, "ಹೇಗಾಯ್ತು?"

"ಅಂಗಳದಲ್ಲಿ ಪಾಚಿ. ಜಾರಿದ್ದು," ಎಂದರು ಕುಮುದಿನಿ.

"ನಾನು ಕೇಳಿದ್ದು ಇವರನ್ನು."

ಅಕ್ಕ ಕಣ್ಣು ತೆರೆದು ಡಾಕ್ಟರಮ್ಮನನ್ನು ನೋಡಿದಳು. "ಜಾರಿದ್ದಲ್ಲ. ನಮ್ಮವರು ಹೆಲ್ಮೆಟಿನಲ್ಲಿ ಹೊಡೆದದ್ದು. ಭುಜ ಮುರಿದದ್ದು ಸಹ ಅವರೇ, ಆಗ ನಾನು ಸುಳ್ಳು ಬರೆಸಿದೆ." ಮತ್ತೆ ಕುಮುದಿನಿಯ ಕಡೆ ತಿರುಗಿದಳು. "ಅತ್ತಿಗೆ, ಪೆಟ್ಟು ತಿಂದವಳಿಗೆ ವಿಮೆ ಇಲ್ಲ ಅಂತ ಎಲ್ಲಿಯೂ ಇಲ್ಲ. ಗಾಯಕ್ಕೆ ಸುಳ್ಳು ಕಾರಣ ಬರೆಸಿದರೆ ಅದು ತಪ್ಪಿ ಹೋಗುದು."

ನಮ್ಮ ಹಿಂದೆಯೇ ಬಂದು ಪರದೆಯ ಹೊರಗೆ ನಿಂತಿದ್ದ ತೀರ್ಥರಾಮನಿಗೆ ಅದು ಕೇಳಿಸಿತು. ಪರದೆ ಕಿತ್ತು ಒಳಗೆ ನುಗ್ಗಿದವನೇ ಎರಡೂ ಕೈಗಳಿಂದ ಅವಳ ಕುತ್ತಿಗೆ ಹಿಚುಕಿದ. ಔಷಧಿಯ ಟ್ರೇ ಉರುಳಿತು. ನಾನು ಅವನ ಅಂಗಿ ಹಿಡಿದು ಎಳೆದೆ, ಮೊಣಕೈಯಿಂದ ತಿವಿದು ನನ್ನನ್ನು ಗೋಡೆಗೆ ದೂಡಿದ. ಅಕ್ಕನ ಮುಖ ಕಪ್ಪೇರುತ್ತಿತ್ತು. ಅವಳು ಎಡಗೈಯಿಂದ ಅವನ ಹೆಬ್ಬೆರಳನ್ನು ಹೇಗೋ ಬಾಯಿಗೆ ಎಳೆದುಕೊಂಡು ಹಲ್ಲು ಇಳಿಸಿದಳು. ಅವನು ಅರಚಿದ, ಅವಳು ಬಿಡಲಿಲ್ಲ. ವಾರ್ಡಿನ ಇಬ್ಬರು ಸಿಬ್ಬಂದಿ ಬಂದು ಅವನನ್ನು ನೆಲಕ್ಕೆ ಕೆಡವಿದ ಮೇಲೆಯೇ ಬಾಯಿ ತೆರೆದಳು. ತುಟಿಯ ತುಂಬ ಅವನ ರಕ್ತ.

"ಇದನ್ನು ಸಹ ಬರೀರಿ," ಎಂದಳು ಕೆಮ್ಮುತ್ತಾ.

ಪೊಲೀಸರು ಬಂದು ಅವನನ್ನು ಕರೆದುಕೊಂಡು ಹೋದರು. ಡಾಕ್ಟರರು ಆಪರೇಶನ್ ಮಾಡಿ ಅಕ್ಕನ ಮುರಿದ ಕೈಗೆ ಸ್ಟೀಲಿನ ಪಟ್ಟಿ ಹಾಕಿದರು. ಕಂಪೆನಿಯವರು ಪೊಲೀಸ್ ದೂರಿನ ಪ್ರತಿ ತರಿಸಿಕೊಂಡು ಆಸ್ಪತ್ರೆಯ ಬಿಲ್ಲು ಕೊಟ್ಟರು. ಹಾಸಿಗೆಯಲ್ಲಿದ್ದಾಗಲೇ ಅಕ್ಕ ತನ್ನ ಜೀವವಿಮೆಯ ನಾಮಿನಿಯಲ್ಲಿ ಗಂಡನ ಹೆಸರು ತೆಗೆಸಿ ಮಗಳ ಹೆಸರು ಹಾಕಿಸಿದಳು. "ನಾನು ಸತ್ತರೆ ಲಾಭ ಆಗುದು ನನ್ನನ್ನು ಕೊಲ್ಲುವವನಿಗಾ?" ಎಂದು ಕೇಳಿದಳು, ಸಾದಾ ದನಿಯಲ್ಲಿ.

ಅವನು ಜಾಮೀನಿನಲ್ಲಿ ಹೊರಗಿದ್ದಾನೆ, ಬೇಲಿಯ ಆಚೆಯೇ. ಈಚೆ ನಮ್ಮ ಮನೆಗೆ ಬರಬಾರದೆಂದು ಕೋರ್ಟಿನ ಆದೇಶವುಂಟು. ಅಕ್ಕ ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಮೊದಮೊದಲು ಅವಳು ಹಗಲಲ್ಲೂ ಅಗಳಿ ಹಾಕಿ ಬಾಗಿಲಿಗೆ ಕುರ್ಚಿ ಒತ್ತಿ ಇಡುತ್ತಿದ್ದಳು. ನಾನು ಗಂಜಿ ಹಿಡಿದು ತಟ್ಟಿದರೆ, "ಯಾರು?" ಎಂದು ಕೇಳಿ, ನನ್ನ ದನಿ ಕೇಳಿದ ಮೇಲೂ ಸ್ವಲ್ಪ ತಡೆದೇ ತೆಗೆಯುತ್ತಿದ್ದಳು. ಇವತ್ತು ಮಧ್ಯಾಹ್ನ ಭವಿತ್ ತೆವಳಿಕೊಂಡು ಹೋಗಿ ತಳ್ಳಿದ ಕೂಡಲೇ ಬಾಗಿಲು ತೆರೆದುಕೊಂಡಿತು. ಅಕ್ಕ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.