ನಾಯಕ ಹೋಗುತ್ತಾನಂತೆ

ನಾನು ಜನ್ಮದಲ್ಲಿ ಒಂದು ಗೋಲೂ ಹೊಡೆದವನಲ್ಲ. ಹೈಸ್ಕೂಲಿನಲ್ಲಿ ಒಮ್ಮೆ ಚೆಂಡು ಒದೆಯಲು ಹೋಗಿ ಚಪ್ಪಲಿಯನ್ನು ಗೋಲಿನೊಳಕ್ಕೆ ಕಳಿಸಿದ್ದೆ. ಚೆಂಡು ಇದ್ದಲ್ಲೇ ಇತ್ತು. ಅಂಥವನು ಈಗ ಬೆಳಗೆದ್ದು ಹಲ್ಲುಜ್ಜುವ ಮೊದಲೇ ಮೊಬೈಲ್ ತೆಗೆದು, ನಾನು ಕಾಣದ ದೇಶದ, ಸದಾ ಮೋಡ ಮುಸುಕಿಕೊಂಡಿರುವ ಒಂದೂರಿನ ಕೆಂಪಂಗಿ ಫುಟ್‌ಬಾಲ್ ಕ್ಲಬ್ಬಿನ ಆಟಗಾರನ ಮೊಣಕಾಲು ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತೇನೆ. ನಿಮ್ಮ ಮೊಣಕಾಲನ್ನು ಆ ಊರಿನಲ್ಲಿ ಯಾರಾದರೂ ಕೇಳುತ್ತಾರಾ ಎಂದು ಹೆಂಡತಿ ಕೇಳುತ್ತಾಳೆ. ನಾನು ಮುಂದಿನ ಸುದ್ದಿ ತೆರೆಯುತ್ತೇನೆ.

ನಿಜ ಹೇಳಬೇಕೆಂದರೆ ಪಂದ್ಯಕ್ಕಿಂತ ನನಗೆ ಸುದ್ದಿಯೇ ರುಚಿ. ಪಂದ್ಯ ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ, ಅದರಲ್ಲಿ ಸೋಲು ಎಂಬುದೊಂದಿದೆ. ಗಾಳಿಸುದ್ದಿಗೆ ಸೋಲೂ ಇಲ್ಲ, ಕೊನೆಯೂ ಇಲ್ಲ. ಯಾರೋ ಬರುತ್ತಾನಂತೆ, ಯಾರೋ ಹೋಗುತ್ತಾನಂತೆ, ತರಬೇತುದಾರನ ಮುಖ ಬಾಡಿತ್ತಂತೆ. ನಮ್ಮ ಕಡೆ ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರಗಳು ನಿಂತಿವೆ. ಶಾಲೆ ಬಿಟ್ಟ ಮೇಲೆ ಅವು ನಿಧಾನವಾಗಿ ತಿರುಗುವುದನ್ನು ನೋಡುತ್ತ ಕೂತರೆ, ಈ ಸುದ್ದಿಗಳನ್ನೆಲ್ಲ ಸಮುದ್ರದಾಚೆಯಿಂದ ಅವೇ ಎಳೆದು ತರುತ್ತಿವೆಯೇನೋ ಎನಿಸಿ ಕಣ್ಣು ಮಂಪರಾಗುತ್ತದೆ.

ಈ ಸುದ್ದಿಗಳನ್ನು ಹಂಚಿಕೊಳ್ಳಲು ನನಗೊಬ್ಬ ಜೊತೆಗಾರನಿದ್ದಾನೆ, ಕುರಿ ಕಾಯುವ ರಂಗಪ್ಪ. ನಾನು ಐಮಂಗಲದಲ್ಲಿ ಮೇಷ್ಟ್ರು. ಬೆಳಗ್ಗೆ ಹೆದ್ದಾರಿ ಬದಿಯ ಷಫಿಯ ಟೀ ಅಂಗಡಿಯಲ್ಲಿ ಇಬ್ಬರೂ ಕೂಡುತ್ತೇವೆ. ರಂಗಪ್ಪ ಒಂದು ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. ಆದರೆ ನಮ್ಮ ಕ್ಲಬ್ಬಿನ ನಾಯಕನನ್ನು ಬೀಗರ ಮನೆಯ ಹುಡುಗನನ್ನು ವಿಚಾರಿಸಿದಂತೆ ವಿಚಾರಿಸುತ್ತಾನೆ. ಹೊಸದಾಗಿ ಬಂದ ಆಟಗಾರ ಗೋಲು ಹೊಡೆಯುತ್ತಿಲ್ಲವೆಂದು ನಾನು ಕೊರಗುತ್ತಿದ್ದಾಗ ರಂಗಪ್ಪ ಹೇಳಿದ್ದ:

"ಹೊಸ ಕುರಿ ಮೇಷ್ಟ್ರೇ. ಹಿಂಡಿನ ವಾಸ್ನೆ ಮೈಗೆ ಹತ್ತಬೇಕು. ಅಲ್ಲೀತನ್ಕ ಒಂಟಿಯಾಗೇ ಮೇಯ್ತೈತೆ."

ತಿಂಗಳೊಪ್ಪತ್ತಿನಲ್ಲಿ ಆ ಆಟಗಾರ ಗೋಲು ಹೊಡೆದ. ಲೀಗಿನ ಕೆಲವು ಪಂದ್ಯಗಳನ್ನು ಬೇರೆ ದೇಶಕ್ಕೆ ಒಯ್ದು ಆಡಿಸುವ ಪ್ರಸ್ತಾಪ ಬಂದಿದೆಯಂತೆ ಎಂದಾಗಲೂ ಅಷ್ಟೇ. ಅಭಿಮಾನಿಗಳು ಪುಟಗಟ್ಟಲೆ ಬರೆದು ಜಗಳವಾಡಿದ್ದನ್ನು ರಂಗಪ್ಪ ಟೀ ಊದಿಕೊಳ್ಳುತ್ತ ಮುಗಿಸಿದ: "ಮೇವಿಗೆ ಹೊರಗಡೆ ಹೋಗದು ತಪ್ಪಲ್ಲ. ಮನೇಲಿದ್ದೋರಿಗೆ ಒಂದು ಮಾತು ಕೇಳಿ ಹೋಗ್ಬೇಕು. ಕೇಳಿದ್ರಾ?" ಕೇಳಿರಲಿಲ್ಲ.

ಈ ಸಲ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಬಂದ ಸುದ್ದಿ ಮಾತ್ರ ನನ್ನನ್ನು ಅಲ್ಲಾಡಿಸಿಬಿಟ್ಟಿತು. ನಾಯಕ ಹೋಗುತ್ತಾನಂತೆ. ಹುಡುಗನಾಗಿದ್ದಾಗಿನಿಂದ ಅದೇ ಅಂಗಿ ತೊಟ್ಟವನು. ನನಗೆ ಊಟ ಸೇರಲಿಲ್ಲ, ಹಾಜರಿ ಕೂಗುವಾಗ ಒಂದೇ ಹೆಸರನ್ನು ಎರಡು ಸಲ ಕೂಗಿದೆ. ಆ ಗುಂಗಿನಲ್ಲೇ ಒಂದು ತಪ್ಪೂ ಮಾಡಿದೆ.

ಅವತ್ತು ರಂಗಪ್ಪ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಅವನ ಹಿಂಡಿನ ಮುಂದೆ ಕೆಂಚ ಎಂಬ ಹೋತವಿದೆ. ನಮ್ಮ ಕಡೆ ಕುರಿಹಿಂಡಿನ ಮುಂದೆ ಹೀಗೆ ಒಂದು ಹೋತವನ್ನು ಬಿಟ್ಟಿರುತ್ತಾರೆ. ಅದರ ಕೊರಳ ಗಂಟೆ ಹೋದತ್ತ ಕುರಿಗಳು ಹೋಗುತ್ತವೆ. ಕೆಂಚನಿಗೂ ವಯಸ್ಸಾಯಿತು ಎಂದು ಷಫಿ ಸುಮ್ಮನೆ ಅಂದ. ನಾನು ವಾರ್ತೆ ಓದುವವರ ಗತ್ತಿನಲ್ಲಿ, "ಬಲ್ಲ ಮೂಲಗಳ ಪ್ರಕಾರ ಕೆಂಚನೂ ಈ ಸಲ ಹಿಂಡು ಬಿಡಲಿದ್ದಾನೆ. ಹೊಸದುರ್ಗದ ಕಡೆಯವರು ಆಸಕ್ತಿ ತೋರಿದ್ದಾರೆ" ಎಂದೆ. ಎಲ್ಲರೂ ನಕ್ಕರು. ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಲಾರಿಯವನೊಬ್ಬ ನಗಲಿಲ್ಲ, ಅದನ್ನು ನಾನು ಗಮನಿಸಲಿಲ್ಲ.

ಆ ಲಾರಿಯವನ ಬಾಯಿಂದ ಮಾತು ದಾಟಿ, ನಾಲ್ಕನೇ ದಿನಕ್ಕೆ ಹೊಸದುರ್ಗದ ಕಡೆಯ ಮಾಡದಕೆರೆಯಿಂದ ಇಬ್ಬರು ಕೆಂಚನನ್ನು ಕೊಳ್ಳಲು ಹಗ್ಗ ಹಿಡಿದು ರಂಗಪ್ಪನ ಹಟ್ಟಿಗೆ ಬಂದರು. ಹಿಂಡಿನ ಮುಂದಿನ ಹೋತವನ್ನು ಮಾರುವವರು ಹಿಂಡನ್ನೇ ಮಾರಿ ತೆಗೆಯುವವರು ಮಾತ್ರ. ಹಾಗಾಗಿ ರಂಗಪ್ಪ ಕುರಿ ಬಿಡುತ್ತಾನಂತೆ ಎಂದು ನೆಂಟರೆಲ್ಲ ಫೋನು ಮಾಡಿದರು. ಆಮೇಲೆ ರಂಗಪ್ಪ ಟೀ ಅಂಗಡಿಗೆ ಬರುವುದು ನಿಂತಿತು. ಒಂದು ದಿನ, ಎರಡು ದಿನ, ಒಂದು ವಾರ. ಮೊಬೈಲಿನಲ್ಲಿ ಸುದ್ದಿಗಳು ಎಂದಿನಂತೆ ಬರುತ್ತಿದ್ದವು, ಓದಿದರೆ ಸಪ್ಪೆ. ಇಷ್ಟು ವರ್ಷ ನಾನು ಸುದ್ದಿ ಓದುತ್ತಿದ್ದುದೇ ಅವನಿಗೆ ಹೇಳುವುದಕ್ಕೆ ಎಂದು ಆಗ ತಿಳಿಯಿತು. ನಾಯಕ ಹೋದರೆ ಹೋಗಲಿ, ಇವನು ಹೋಗಬಾರದು ಎಂದು ನನಗೆ ಭಯವಾಯಿತು.

ಭಾನುವಾರ ಮಧ್ಯಾಹ್ನ ಗುಡ್ಡದ ಬುಡಕ್ಕೆ ನಡೆದು ಹೋದೆ. ಜಾಲಿಮರದ ನೆರಳಲ್ಲಿ ಕಂಬಳಿ ಹಾಸಿ ಕೂತಿದ್ದ. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದ, ಮುಖ ನೋಡದೆ. ಕೂತೆ. ತಪ್ಪಾಯಿತು ರಂಗಪ್ಪ ಎಂದೆ. ಅವನು ಕಂಬಳಿಗೆ ಹತ್ತಿದ್ದ ಜಾಲಿಮುಳ್ಳೊಂದನ್ನು ಕಿತ್ತು ಎಸೆದ.

"ಬಂದೋರು ಹೋತದ ನಡೆ ನೋಡ್ತೀವಿ ಅಂದ್ರು" ಎಂದ. "ನಾನು ಬ್ಯಾಡ ಅನ್ನೋದ್ರೊಳಗೆ ಕೆಂಚನಿಗೆ ಹಗ್ಗ ಹಾಕಿ ನಾಲ್ಕು ಹೆಜ್ಜೆ ನಡೆಸಿದ್ರು. ರೊಪ್ಪದಾಗಿದ್ದ ಕುರಿ ಎಲ್ಲಾ ಎದ್ದು ಬೇಲಿ ಕೆಡವ್ಕಂಡು ಹಿಂದೇ ಹೊಂಟ್ವು. ದಾರಿ ತುಂಬಾ ಕುರಿ. ಅವ್ರೇ ಹಗ್ಗ ಬಿಚ್ಚಿ ಕೈ ಮುಗ್ದು ಹೋದ್ರು."

ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ನಾನೂ ನಗಬಹುದೆಂದು ಧೈರ್ಯ ಮಾಡಿದೆ.

"ನಗಬ್ಯಾಡ್ರಿ. ಹಿಂಡು ತೆಗಿತೀಯ ಅಂತ ನಮ್ಮವಳು ಎರಡು ದಿನ ಉಣ್ಲಿಲ್ಲ. ಅದು ನೆನೆಸ್ಕಂಡ್ರೆ ನಿಮ್ ಮ್ಯಾಲೆ ಸಿಟ್ಟು ಐತೆ ನಂಗೆ."

ಹಿಂಡಿನ ಆ ತುದಿಯಲ್ಲಿ ಕೆಂಚನ ಗಂಟೆ ತಡೆದು ತಡೆದು ಕೇಳುತ್ತಿತ್ತು. ಅತ್ತ ಒಮ್ಮೆ ನೋಡಿ ರಂಗಪ್ಪನೇ ಕೇಳಿದ, "ನಿಮ್ ನಾಯ್ಕಂದು ಏನಾತು?"

"ಹೋದ. ನಿನ್ನೆ ಬಿಳಿ ಅಂಗಿಯವರ ಕ್ಲಬ್ಬಿನಲ್ಲಿ ಫೋಟೋ ತೆಗೆಸಿಕೊಂಡ."

"ಅವ್ನ ಹಿಂದೆ ಯಾರು ಹೋದ್ರು?"

"ಯಾರೂ ಇಲ್ಲ. ಕ್ಲಬ್ಬು ಅಲ್ಲೇ ಇದೆ. ನಾವೂ ಅಲ್ಲೇ ಇದ್ದೀವಿ."

"ಹಂಗಾರೆ ಅವ್ನು ಮುಂದಿನ ಹೋತ ಅಲ್ಲ ಬಿಡ್ರಿ."

ಹೌದೆನ್ನಿಸಿತು. ಬಿಸಿಲಿಳಿಯುವವರೆಗೆ ಕೂತು, ಮನಸ್ಸು ಹಗುರಾಗಿ ಮನೆಗೆ ಬಂದೆ.

ಹೊಸ ಋತುವಿನ ಮೊದಲ ಪಂದ್ಯಗಳಾದ ಮಾರನೆಯ ಬೆಳಗ್ಗೆ ರಂಗಪ್ಪ ಟೀ ಅಂಗಡಿಯಲ್ಲಿದ್ದ. ನಮ್ಮೋರದೇನಾತು ಎಂದ. ಒಂದೊಂದು ಗೋಲಿಗೆ ಸಮ ಎಂದೆ. ತಲೆಯಾಡಿಸಿ ಟೀ ಹೀರಿದ. ಲೋಟ ಖಾಲಿ ಮಾಡಿ, ಅದರ ತಳ ನೋಡುತ್ತ ಮೆಲ್ಲಗೆ ಕೇಳಿದ, "ಆ ಬಿಳಿ ಅಂಗಿಯೋರದು?"

"ಗೆದ್ದರು. ನಮ್ಮ ನಾಯಕನೇ ಗೋಲು ಹೊಡೆದ."

"ಹುಡುಕಿ ನೋಡಿದ್ರಾ?"

"ನೋಡಿದೆ."

ರಂಗಪ್ಪ ಲೋಟ ಕೆಳಗಿಟ್ಟು, ಹೆಗಲ ಕಂಬಳಿ ಸರಿಮಾಡಿಕೊಂಡು ಎದ್ದ.

"ಹಂಗಾರೆ ಅವ್ನ ಹಿಂದೆ ನಾವಿಬ್ರು ಹೋಗಿದೀವಿ ಬಿಡ್ರಿ."